ನೋವು ಬೆನ್ನಿನಲ್ಲಿ, ಬಿಗಿತ ಎದೆಯಲ್ಲಿ

ಎಲ್ಲರಿಗೂ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. "ಎಲ್ಲಿ ನೋವು?" ಎಂದು ಕೇಳಿದರೆ ನನ್ನ ಮುಂದೆ ಕುಳಿತವರ ಬಾಯಿಗಿಂತ ಮೊದಲು ಕೈ ಮಾತಾಡುತ್ತದೆ. ಕತ್ತು ಹೆಗಲಿಗೆ ಇಳಿಯುವ ಜಾಗವನ್ನು ಒಬ್ಬರು ಹಿಂಡಿ ತೋರಿಸುತ್ತಾರೆ. ಇನ್ನೊಬ್ಬರ ಕೈ ಬೆನ್ನ ಹಿಂದೆ ಹೋಗಿ, ಎರಡು ರೆಕ್ಕೆಗಳ (ಹೆಗಲ ಹಿಂದಿನ ಚಪ್ಪಟೆ ಎಲುಬುಗಳ) ನಡುವೆ ಎಲ್ಲೋ ಒಂದು ಕಡೆ ಮುಟ್ಟಲು ಒದ್ದಾಡುತ್ತದೆ. "ಇಲ್ಲೇ, ಗಂಟು ಕಟ್ಟಿದ ಹಾಗಿದೆ, ಹಿಡಿದುಕೊಂಡುಬಿಟ್ಟಿದೆ" ಅನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಎದೆಯ ಮೇಲ್ಭಾಗಕ್ಕೆ ಬೆರಳಿಟ್ಟು "ಇಲ್ಲಿ ಬಿಗಿಯಾಗಿದೆ" ಅಂದವರು ತೀರ ಕಡಿಮೆ. ಅಳೆದು ನೋಡಿದಾಗ ಮಾತ್ರ, ಗಿಡ್ಡವಾದ ಸ್ನಾಯು ಬಹಳ ಸಲ ಸಿಗುವುದು ಅಲ್ಲೇ.

ಇವತ್ತಿನ ಮಾತೆಲ್ಲ ಇದರ ಸುತ್ತಲೇ. ಎಳೆಯುವ ಜಾಗ ಒಂದು, ಗಿಡ್ಡವಾಗಿರುವ ಜಾಗ ಇನ್ನೊಂದು ಇರಬಹುದು. ಇದನ್ನು ನೋಡಿಕೊಳ್ಳದೆ ಎಳೆದರೆ, ಒತ್ತಿಸಿಕೊಂಡರೆ, ಬೆಲ್ಟು ಕಟ್ಟಿಕೊಂಡರೆ ವರ್ಷಗಟ್ಟಲೆ ಶ್ರಮ ವ್ಯರ್ಥವಾಗುತ್ತದೆ. ಆಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುದ್ರಣಕ್ಕೆ ಹೋಗುವ ಪುಟಗಳ ಕರಡು ತಿದ್ದುವ ಒಬ್ಬ ಮಹಿಳೆ ನನ್ನಲ್ಲಿಗೆ ಬಂದಿದ್ದರು. ಬಲಗಡೆ ರೆಕ್ಕೆಯ ಒಳಅಂಚಿನಲ್ಲಿ ಹಲವು ವರ್ಷಗಳ ನೋವು. ಕೈಚೀಲದಲ್ಲಿ ಯಾವಾಗಲೂ ಒಂದು ಗಟ್ಟಿ ರಬ್ಬರ್ ಚೆಂಡು. ರಾತ್ರಿ ಅದನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಉಜ್ಜುವುದು, ಹತ್ತು ನಿಮಿಷ ಹಾಯೆನಿಸುವುದು, ಬೆಳಿಗ್ಗೆ ಮತ್ತೆ ಅದೇ ಕಥೆ. ಜೊತೆಗೆ ಯಾರೋ ಹೇಳಿಕೊಟ್ಟ ಒಂದು ವ್ಯಾಯಾಮವನ್ನು ಶ್ರದ್ಧೆಯಿಂದ ಮಾಡುತ್ತಿದ್ದರು: ಎರಡೂ ತೋಳುಗಳಿಂದ ತಮ್ಮನ್ನೇ ತಬ್ಬಿಕೊಂಡು, ಬೆನ್ನನ್ನು ಗುಂಡಗೆ ಮಾಡಿ, ರೆಕ್ಕೆಗಳ ನಡುವಿನ ಜಾಗವನ್ನು ಹಿಗ್ಗಿಸುವುದು.

ನಾನು ಅವರನ್ನು ಅಂಗಾತ ಮಲಗಿಸಿ, ಕೈಗಳನ್ನು ಪಕ್ಕಕ್ಕೆ ಸಡಿಲ ಬಿಡಿಸಿ, ತಲೆಯ ಕಡೆಯಿಂದ ನೋಡಿದೆ. ಬಲ ಭುಜದ ಹಿಂಭಾಗಕ್ಕೂ ಮಲಗಿದ್ದ ಮಂಚಕ್ಕೂ ನಡುವೆ ನನ್ನ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೂ ಸಲೀಸಾಗಿ ನುಗ್ಗಿದವು. ಎಡಕ್ಕೆ ಎರಡು. ಬಲ ಭುಜವನ್ನು ಮೆಲ್ಲಗೆ ಕೆಳಕ್ಕೆ ಒತ್ತಿದರೆ ರಬ್ಬರಿನಂತೆ ಮತ್ತೆ ಮೇಲೆದ್ದು ಬರುತ್ತಿತ್ತು. ಎದೆಯ ಆ ಕಡೆ, ಭುಜದ ಗುಂಡನೆಯ ಭಾಗಕ್ಕಿಂತ ಸ್ವಲ್ಪ ಒಳಗೆ, ಹೆಬ್ಬೆರಳಿಟ್ಟಾಗ ಅವರು ಬೆಚ್ಚಿದರು. "ಇಲ್ಲಿ ಇಷ್ಟು ನೋವಿದೆ ಅಂತ ನನಗೇ ಗೊತ್ತಿರಲಿಲ್ಲ!" ಆ ಜಾಗ ಒತ್ತಿದರೆ ಬಹಳಷ್ಟು ಆರೋಗ್ಯವಂತರಿಗೂ ನೋಯುತ್ತದೆ. ಹಾಗಾಗಿ ಆ ನೋವೊಂದೇ ಸಾಕ್ಷಿಯಾಗುವುದಿಲ್ಲ. ನಾನು ನಂಬಿದ್ದು ಆ ಮೂರು ಬೆರಳಿನ ಅಂತರವನ್ನು, ಎಡಬಲದ ವ್ಯತ್ಯಾಸವನ್ನು.

ಅಲ್ಲಿ ಒಂದು ಸಣ್ಣ ಸ್ನಾಯು ಇದೆ, ಪೆಕ್ಟೊರಾಲಿಸ್ ಮೈನರ್. ಮೂರರಿಂದ ಐದನೆಯ ಪಕ್ಕೆಲುಬುಗಳಿಂದ ಹೊರಟು, ಹೆಗಲ ಹಲಗೆಯಿಂದ ಮುಂದಕ್ಕೆ ಕೊಕ್ಕಿನಂತೆ ಚಾಚಿರುವ ಒಂದು ಎಲುಬಿನ ತುದಿಗೆ ಅಂಟಿಕೊಳ್ಳುತ್ತದೆ. ಹೆಗಲ ಹಲಗೆ ಅಂದರೆ ನಾವು ಮಾತಿನಲ್ಲಿ ರೆಕ್ಕೆ ಅನ್ನುವ ಆ ಚಪ್ಪಟೆ ತ್ರಿಕೋನದ ಎಲುಬು. ಈ ಸ್ನಾಯು ಗಿಡ್ಡವಾದರೆ ಕೊಕ್ಕು ಹಿಡಿದು ಇಡೀ ಹಲಗೆಯನ್ನು ಮುಂದಕ್ಕೂ ಕೆಳಕ್ಕೂ ವಾಲಿಸುತ್ತದೆ. ಹಲಗೆ ಮುಂದೆ ಜಾರಿದಂತೆ, ಅದನ್ನು ಬೆನ್ನುಮೂಳೆಗೆ ಕಟ್ಟಿಟ್ಟಿರುವ ಹಿಂಬದಿಯ ಸ್ನಾಯುಗಳು ಜಗ್ಗುತ್ತವೆ. ದಿನವಿಡೀ ಹಿಗ್ಗಿದ ಸ್ಥಿತಿಯಲ್ಲೇ ಅವು ಭಾರ ಹೊರುತ್ತವೆ. ಹಾಗೆ ಹಿಗ್ಗಿ ದಣಿದ ಸ್ನಾಯು ಕೊಡುವ ಸಂವೇದನೆಗೂ ನಾವು "ಬಿಗಿತ" ಎಂಬ ಒಂದೇ ಹೆಸರು ಕೊಡುತ್ತೇವೆ. ಬಿಲ್ಲನ್ನು ನೆನಪಿಸಿಕೊಳ್ಳಿ. ಬಾಗಿರುವುದು ಬಿಲ್ಲು, ಬಾಗಿಸಿರುವುದು ಹೆದೆ. ಬಿಲ್ಲಿನ ಬೆನ್ನು ಎಷ್ಟು ಉಜ್ಜಿದರೂ ಹೆದೆ ಸಡಿಲವಾಗದೆ ಅದು ನೆಟ್ಟಗಾಗುವುದಿಲ್ಲ. ಆ ಮಹಿಳೆ ಆಗಲೇ ಹಿಗ್ಗಿದ್ದನ್ನು ದಿನಾ ಇನ್ನಷ್ಟು ಹಿಗ್ಗಿಸುತ್ತಿದ್ದರು. ತಬ್ಬಿಕೊಳ್ಳುವ ಆ ವ್ಯಾಯಾಮ ಕ್ಷಣಕ್ಕೆ ಹಿತ ಕೊಡುವುದು ನಿಜ. ಅಷ್ಟರಿಂದಲೇ ಅದು ಸರಿಯಾದ ವ್ಯಾಯಾಮ ಎಂದು ತಿಳಿಯುವುದು ತಪ್ಪು.

ಈ ಮುಂದೆ-ಹಿಂದೆಯ ಲೆಕ್ಕವನ್ನು ಸ್ಪಷ್ಟವಾಗಿ ಬರೆದಿಟ್ಟವರು ಜೆಕ್ ವೈದ್ಯ ವ್ಲಾದಿಮಿರ್ ಯಾಂಡಾ (1928–2002). ಚಿಕ್ಕ ವಯಸ್ಸಿನಲ್ಲೇ ಪೋಲಿಯೊಗೆ ತುತ್ತಾದವರು. ಸ್ನಾಯುಗಳು ಒಂದೊಂದಾಗಿ ಅಲ್ಲ, ಜೋಡಿ ಜೋಡಿಯಾಗಿ ಹದ ತಪ್ಪುತ್ತವೆ ಎಂದು ಅವರು ಗಮನಿಸಿದರು. ಮೈಯ ಮೇಲ್ಭಾಗದಲ್ಲಿ ಅವರು ಕಂಡದ್ದು ಒಂದು ಕತ್ತರಿ ಆಕಾರ. ಕತ್ತಿನ ಹಿಂಬದಿಯ ಅಪ್ಪರ್ ಟ್ರಪೀಜಿಯಸ್, ಲೆವೇಟರ್ ಸ್ಕ್ಯಾಪುಲೆ ಎಂಬ ಸ್ನಾಯುಗಳು ಬಿಗಿಯಾಗುತ್ತವೆ, ಎದೆಯ ಸ್ನಾಯುಗಳೂ ಬಿಗಿಯಾಗುತ್ತವೆ. ಈ ಎರಡನ್ನು ಸೇರಿಸಿ ಗೆರೆ ಎಳೆದರೆ ಅದು ಕತ್ತರಿಯ ಒಂದು ಅಲಗು. ಕತ್ತಿನ ಮುಂಬದಿಯ ಆಳದ ಸ್ನಾಯುಗಳು ಮತ್ತು ಹೆಗಲ ಹಲಗೆಯನ್ನು ಹಿಂದೆ, ಕೆಳಗೆ ಹಿಡಿದಿಡುವ ಸ್ನಾಯುಗಳು ದುರ್ಬಲವಾಗುತ್ತವೆ. ಅದು ಇನ್ನೊಂದು ಅಲಗು. ಇದಕ್ಕೆ ಅಪ್ಪರ್ ಕ್ರಾಸ್ಡ್ ಸಿಂಡ್ರೋಮ್ ಎಂದು ಹೆಸರು. ಹೆಸರು ಕೇಳಿ ಯಾರೂ ಹೆದರಬೇಕಾಗಿಲ್ಲ, ಇದು ಕಾಯಿಲೆಯಲ್ಲ. ನನಗೆ ಇದೊಂದು ನಕ್ಷೆ. ನಕ್ಷೆ ಎಲ್ಲರ ಮೈಗೂ ಯಥಾವತ್ತಾಗಿ ಹೊಂದುವುದಿಲ್ಲ, ಎಲ್ಲಿ ಹುಡುಕಬೇಕು ಎಂದು ಮಾತ್ರ ಹೇಳುತ್ತದೆ.

ಹುಡುಕೋಣ. ಎಲ್ಲವನ್ನೂ ನೀವು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಗೋಡೆ, ನೆಲದ ಮೇಲೆ ಒಂದು ಹಾಸು ಇದ್ದರೆ ಸಾಕು. ಜೊತೆಗೊಬ್ಬರಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ನಮ್ಮ ಮೈ ನಮಗೆ ಸುಳ್ಳು ಹೇಳುತ್ತದೆ. ವರ್ಷಗಳಿಂದ ತಲೆ ಮುಂದಿಟ್ಟು ಬದುಕಿದವರಿಗೆ ಅದೇ ನೇರ ಅನ್ನಿಸುತ್ತದೆ. ನಿಜವಾಗಿ ನೇರಕ್ಕೆ ತಂದರೆ "ಹಿಂದಕ್ಕೆ ಬೀಳುತ್ತೇನೆ" ಅನ್ನುತ್ತಾರೆ.

ಮೊದಲು ಒಂದು ಫೋಟೋ. ಪಕ್ಕದಿಂದ, ನಿಮಗೆ ಗೊತ್ತಿಲ್ಲದ ಕ್ಷಣದಲ್ಲಿ ಬೇರೆಯವರು ತೆಗೆದದ್ದು. ಗೊತ್ತಿದ್ದರೆ ಎಲ್ಲರೂ ಎದೆಯೆತ್ತಿ ನಿಲ್ಲುತ್ತಾರೆ. ಕಿವಿಯ ರಂಧ್ರದಿಂದ ನೇರ ಕೆಳಗೆ ಗೆರೆ ಎಳೆದರೆ ಅದು ಸುಮಾರು ಭುಜದ ನಡುವೆ ಹಾದುಹೋಗಬೇಕು. ಕಿವಿ ತುಂಬ ಮುಂದಿದ್ದರೆ ತಲೆ ಮುಂದೆ ಬಂದಿದೆ ಎಂದರ್ಥ.

ಆಮೇಲೆ ಗೋಡೆ. ಹಿಮ್ಮಡಿ ಗೋಡೆಯಿಂದ ನಾಲ್ಕು ಬೆರಳಷ್ಟು ಮುಂದೆ, ಪೃಷ್ಠ ಮತ್ತು ಬೆನ್ನ ಮೇಲ್ಭಾಗ ಗೋಡೆಗೆ ತಾಗಿರಲಿ. ನೋಟ ನೇರ ಮುಂದಕ್ಕೆ. ಗದ್ದ ಮೇಲೆತ್ತದೆ ಹಿಂದಲೆ ಗೋಡೆಗೆ ತಾಗುತ್ತದೆಯೇ? ಕಷ್ಟವಿಲ್ಲದೆ ತಾಗಿದರೆ ಸಂತೋಷ. ತಾಗಿಸಲು ಗದ್ದ ಮೇಲೇಳುತ್ತಿದ್ದರೆ ತಾಗಿಸಬೇಡಿ, ಎಷ್ಟು ಬೆರಳು ಅಂತರ ಉಳಿಯಿತು ಎಂದು ನೋಡಿ ಬರೆದಿಡಿ. ಇದು ನಮ್ಮ ಮನೆಮದ್ದಿನ ಅಳತೆಯಲ್ಲ. ಬೆನ್ನುಮೂಳೆಯ ಸಂಧಿವಾತ ಇರುವವರಲ್ಲಿ, ಮೂಳೆ ಸವೆದು ಬೆನ್ನು ಬಾಗಿದೆಯೇ ಎಂಬ ಅನುಮಾನ ಇರುವವರಲ್ಲಿ ವೈದ್ಯರೂ ಇದನ್ನೇ ಅಳೆಯುತ್ತಾರೆ.

ಗೋಡೆಗೆ ತಲೆ ತಾಗದವರಿಗೆ ಮುಂದಿನ ಪ್ರಶ್ನೆ: ಬೆನ್ನು ಬಾಗುವುದು ಅಭ್ಯಾಸದಿಂದಲೋ, ಅಥವಾ ಮೂಳೆಯೇ ಹಾಗೆ ಗಟ್ಟಿಯಾಗಿದೆಯೋ? ಬೋರಲು ಮಲಗಿ, ಮೊಣಕೈ ಊರಿ ಎದೆಯೆತ್ತಿ ನೋಡಿ. ಬೆನ್ನ ಗುಂಡು ಕರಗಿ ಸಪಾಟಾದರೆ ಅದು ಬಾಗಬಲ್ಲ ಬೆನ್ನು, ತಿದ್ದಲು ಬರುತ್ತದೆ. ಹಾಗೆ ಎತ್ತಿದಾಗಲೂ ಗೂನು ಅಲುಗದೆ ಉಳಿದರೆ ಅದನ್ನು ವ್ಯಾಯಾಮದಿಂದ ಒತ್ತಿ ನೆಟ್ಟಗೆ ಮಾಡಲು ಹೋಗಬೇಡಿ. ಹದಿವಯಸ್ಸಿನವರಲ್ಲಿ ಬೆನ್ನುಮೂಳೆಯ ಬಿಡಿ ಎಲುಬುಗಳಾದ ಕಶೇರುಕಗಳೇ ಬೆಣೆಯಾಕಾರಕ್ಕೆ ಬೆಳೆಯುವ ಶೊಯರ್‌ಮನ್ ಎಂಬ ತೊಂದರೆ ಇರಬಹುದು, ವಯಸ್ಸಾದವರಲ್ಲಿ ಸದ್ದಿಲ್ಲದೆ ಮುರಿದ ಕಶೇರುಕ ಇರಬಹುದು. ಒಂದು ಎಕ್ಸ್‌ರೇ ಬೇಕಾಗುತ್ತದೆ. ಅಂದಹಾಗೆ, ಎದೆಯ ಹಿಂದಿನ ಬೆನ್ನುಮೂಳೆಯಲ್ಲಿ ಸುಮಾರು 20ರಿಂದ 45 ಡಿಗ್ರಿಯಷ್ಟು ಬಾಗು ಇರಲೇಬೇಕು. ಹಲಗೆಯಂತೆ ಸಪಾಟು ಬೆನ್ನನ್ನು ಯಾರೂ ಆಸೆಪಡಬೇಕಾಗಿಲ್ಲ.

ಮೂರನೆಯದು ನಾನು ಆಗಲೇ ಹೇಳಿದ ಬೆರಳಿನ ಅಳತೆ. ಅಂಗಾತ ಮಲಗಿ, ದಿಂಬು ಬೇಡ, ಕೈಗಳು ಪಕ್ಕದಲ್ಲಿ ಸಡಿಲ. ಭುಜದ ಹಿಂತುದಿ ನೆಲದಿಂದ ಎಷ್ಟು ಮೇಲಿದೆ? ಒಂದು ಅಂಗುಲ, ಅಂದರೆ ಸುಮಾರು 2.5 ಸೆಂ.ಮೀ. ಮೀರಿದರೆ ಎದೆಯ ಸ್ನಾಯು ಗಿಡ್ಡ ಎಂದು ಹಿಂದೆ ಕಣ್ಣುಮುಚ್ಚಿ ಹೇಳುತ್ತಿದ್ದರು. ನೋವಿಲ್ಲದ ಎಷ್ಟೋ ಜನರಲ್ಲೂ ಆ ಅಂತರ ಇರುತ್ತದೆ. ಆದ್ದರಿಂದ ನಾನು ಆ ಸಂಖ್ಯೆಯನ್ನು ತೀರ್ಪಿನಂತೆ ಬಳಸುವುದಿಲ್ಲ. ಎಡಬಲಕ್ಕೆ ಹೋಲಿಸುತ್ತೇನೆ, ಒತ್ತಿದಾಗ ಭುಜ ಮೆತ್ತಗೆ ಕೆಳಗಿಳಿಯುತ್ತದೆಯೋ ಸೆಟೆಯುತ್ತದೆಯೋ ನೋಡುತ್ತೇನೆ, ಆರು ವಾರ ಬಿಟ್ಟು ಅದೇ ಮೈಯ ಹಳೆಯ ಅಳತೆಯ ಜೊತೆ ಹೋಲಿಸುತ್ತೇನೆ. ನಿಮ್ಮ ಅಳತೆಗೆ ನೀವೇ ಮಾನದಂಡ.

ಹಾಗೆಯೇ ಮಲಗಿರಿ. ಮಂಡಿ ಮಡಚಿ, ಸೊಂಟದ ಹಿಂಭಾಗ ನೆಲಕ್ಕೆ ಅಂಟಿರಲಿ. ಎರಡೂ ಕೈಗಳನ್ನು ನೇರವಾಗಿ ತಲೆಯ ಮೇಲಕ್ಕೆ, ಕಿವಿಯ ಪಕ್ಕದಿಂದ ನೆಲದ ಕಡೆಗೆ ಇಳಿಸಿ. ಇಲ್ಲಿ ಮೈ ಮಾಡುವ ಕಳ್ಳತನವನ್ನು ಹಿಡಿಯಬೇಕು. ಕೈ ನೆಲ ಮುಟ್ಟಲು ಪಕ್ಕೆಲುಬು ಉಬ್ಬುತ್ತದೆ, ಸೊಂಟ ಕಮಾನಾಗುತ್ತದೆ. ಸೊಂಟ ಏಳುವ ಕ್ಷಣಕ್ಕೆ ನಿಲ್ಲಿ. ಕೈ ಎಲ್ಲಿ ನಿಂತಿತೋ ಅದೇ ನಿಜವಾದ ಅಳತೆ. ನೆಲಕ್ಕೂ ಕೈಗೂ ಗೇಣು ಅಂತರ ಉಳಿದರೆ ಬೆನ್ನ ಪಕ್ಕದ ದೊಡ್ಡ ಸ್ನಾಯು ಲ್ಯಾಟಿಸಿಮಸ್ ಬಿಗಿಯಾಗಿರಬಹುದು, ಇಲ್ಲವೇ ಎದೆಯ ಹಿಂದಿನ ಬೆನ್ನುಮೂಳೆ ಮರಗಟ್ಟಿರಬಹುದು. ನಿಂತು ಕೈ ಎತ್ತಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಸೊಂಟ ಎಲ್ಲವನ್ನೂ ಮುಚ್ಚಿಹಾಕುತ್ತದೆ. "ನನ್ನ ಕೈ ಚೆನ್ನಾಗಿ ಮೇಲೆ ಹೋಗುತ್ತೆ" ಎಂದು ಹೇಳಿಕೊಂಡು ಸೊಂಟನೋವಿಗೆ ಔಷಧ ತೆಗೆದುಕೊಳ್ಳುವವರಲ್ಲಿ ಕೆಲವರ ಕಥೆ ಇದೇ.

ಕತ್ತು ತಿರುಗಿಸಿ ನೋಡುವುದು ಎಲ್ಲರಿಗೂ ಗೊತ್ತು. ಗದ್ದ ಭುಜದ ನೇರಕ್ಕೆ ಹತ್ತಿರ ಬರಬೇಕು, ಅದು ಸುಮಾರು 80 ಡಿಗ್ರಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಕುಳಿತು ತಿರುಗಿಸಿದಾಗ ಕಡಿಮೆ ಬಂದು, ಜೊತೆಗಿದ್ದವರು ನಿಮ್ಮ ಮೊಣಕೈಗಳನ್ನು ಕೆಳಗಿನಿಂದ ಎತ್ತಿ ಹಿಡಿದು ಹೆಗಲ ಭಾರ ಇಳಿಸಿದಾಗ ಜಾಸ್ತಿ ಬಂದರೆ, ತಡೆಯುತ್ತಿರುವುದು ಕತ್ತಿನ ಕೀಲಲ್ಲ. ಹೆಗಲ ಹಲಗೆಯನ್ನು ಕತ್ತಿಗೆ ತೂಗುಹಾಕಿರುವ ಸ್ನಾಯುಗಳು. ನಾಲ್ಕು ಸೆಕೆಂಡಿನ ಈ ಪರೀಕ್ಷೆ ನನಗೆ ಬಹಳ ಪ್ರಿಯ. ಕತ್ತನ್ನು ಹಿಂಸಿಸದೆ ಉತ್ತರ ಕೊಡುತ್ತದೆ.

ಕೊನೆಯದು ಬಿಗಿತದ ಪರೀಕ್ಷೆಯಲ್ಲ, ಬಲದ ಪರೀಕ್ಷೆ. ಅಂಗಾತ ಮಲಗಿ, ಗದ್ದವನ್ನು ಮೆಲ್ಲಗೆ ಗಂಟಲ ಕಡೆ ಎಳೆದು, ಹಾಗೆಯೇ ತಲೆಯನ್ನು ನೆಲದಿಂದ ಒಂದು ಅಂಗುಲ ಮಾತ್ರ ಎತ್ತಿ ಹಿಡಿಯಿರಿ. ಗದ್ದ ಮುಂದೆ ಜಾರಿದರೆ ಅಥವಾ ತಲೆ ಇಳಿದರೆ ಸಮಯ ಮುಗಿಯಿತು. ಒಂದು ಅಧ್ಯಯನದಲ್ಲಿ ಕತ್ತುನೋವು ಇಲ್ಲದವರು ಸರಾಸರಿ 39 ಸೆಕೆಂಡು ಹಿಡಿದಿದ್ದರು, ನೋವಿದ್ದವರು 24. ಈಗಾಗಲೇ ಕತ್ತು ಜೋರಾಗಿ ನೋಯುತ್ತಿರುವವರು ಇದನ್ನು ಮಾಡಬೇಡಿ.

ಕೆಲವರು ಯಾವ ಪರೀಕ್ಷೆಯನ್ನೂ, ವ್ಯಾಯಾಮವನ್ನೂ ಮಾಡದೆ ಮೊದಲು ವೈದ್ಯರ ಬಳಿ ಹೋಗಬೇಕು. ಕೈಗೆ ಜೋಮು ಹಿಡಿದು ಹಿಡಿತ ಸಡಿಲವಾಗಿದ್ದರೆ, ಗುಂಡಿ ಹಾಕಲು, ಬರೆಯಲು ಬೆರಳು ಮಾತು ಕೇಳದಿದ್ದರೆ, ನಡೆಯುವಾಗ ಕಾಲು ತಡವರಿಸಿದರೆ ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು. ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು, ಜ್ವರದ ಜೊತೆಗಿನ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು, ಯೌವನದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿರುವುದು, ಇವೂ ಅಷ್ಟೇ. ಎದೆ ಹಿಂಡಿದಂತಾಗಿ ಹೆಗಲಿಗೆ, ದವಡೆಗೆ, ತೋಳಿಗೆ ಹರಡುವ ನೋವನ್ನು "ಸ್ನಾಯು ಹಿಡಿದಿದೆ" ಎಂದುಕೊಂಡು ಒಂದು ನಿಮಿಷವೂ ಕಾಯಬಾರದು. ಅದು ಹೃದಯದ ಕರೆ ಇರಬಹುದು.

ತಿದ್ದುವ ಮೊದಲು ಒಂದು ಭಯವನ್ನು ಇಳಿಸಬೇಕು. ಮೊಬೈಲ್ ನೋಡುವಾಗ ಕತ್ತಿನ ಮೇಲೆ 27 ಕಿಲೋ ಭಾರ ಬೀಳುತ್ತದೆ ಎಂಬ ಚಿತ್ರ ನೀವೆಲ್ಲ ನೋಡಿದ್ದೀರಿ. ಅದು 2014ರಲ್ಲಿ ನ್ಯೂಯಾರ್ಕ್‌ನ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹಂಸ್‌ರಾಜ್ ಪ್ರಕಟಿಸಿದ ಲೆಕ್ಕ. ನೇರವಾಗಿದ್ದಾಗ ಐದು ಕಿಲೋ ಆಸುಪಾಸು ಇರುವ ತಲೆಯ ಭಾರ, 60 ಡಿಗ್ರಿ ಬಗ್ಗಿದಾಗ 27 ಕಿಲೋದಷ್ಟು ಬಲವಾಗಿ ಕತ್ತಿನ ಮೇಲೆ ಬೀಳುತ್ತದೆ ಎಂದು ಕಂಪ್ಯೂಟರ್ ಮಾದರಿ ಹೇಳಿತು. ಜೀವಂತ ಕತ್ತಿನ ಒಳಗೆ ಅಳೆದದ್ದಲ್ಲ, ಕತ್ತು ಕೆಡುತ್ತದೆ ಎಂದು ತೋರಿಸಿದ್ದೂ ಅಲ್ಲ. ಬಗ್ಗುವುದಕ್ಕೆಂದೇ ಆದ ಕತ್ತು ನಮ್ಮದು. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಕರಲ್ಲಿ ಮುಂದೆ ಬಂದ ತಲೆಗೂ ಕತ್ತುನೋವಿಗೂ ನಂಟು ಕಂಡಿತು, ಹದಿಹರೆಯದವರಲ್ಲಿ ಕಾಣಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 17 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳ ಕುಳಿತ ಭಂಗಿಯನ್ನು ಅಳೆದಾಗಲೂ ಭಂಗಿಗೂ ಕತ್ತುನೋವಿಗೂ ಸಂಬಂಧ ಸಿಗಲಿಲ್ಲ. ಜೋತುಬಿದ್ದು ಕೂರುವ ಗುಂಪಿನಲ್ಲಿ ಮನಸ್ಸಿನ ಖಿನ್ನತೆ ಮಾತ್ರ ಸ್ವಲ್ಪ ಹೆಚ್ಚು ಕಂಡಿತು.

ಆ ಅಧ್ಯಯನ ಓದಿದಾಗಲೆಲ್ಲ ನನಗೆ ಒಬ್ಬಳು ಹುಡುಗಿ ನೆನಪಾಗುತ್ತಾಳೆ. ಹದಿನಾಲ್ಕು ವರ್ಷ, ತರಗತಿಯಲ್ಲೇ ಎಲ್ಲರಿಗಿಂತ ಎತ್ತರ. "ಗೂನು ಬೆನ್ನು ಮಾಡಿಕೊಂಡಿದ್ದಾಳೆ, ಎಷ್ಟು ಹೇಳಿದರೂ ಕೇಳಲ್ಲ" ಎಂದು ತಾಯಿ ಕರೆತಂದಿದ್ದರು. ಮಾತಾಡುತ್ತಲೇ ಮಗಳ ಬೆನ್ನಿಗೆ ಎರಡು ಸಲ ತಟ್ಟಿದರು. ಪ್ರತಿ ಸಲವೂ ಅವಳು ನೆಟ್ಟಗಾಗಿ, ಕ್ಷಣದಲ್ಲೇ ಮೊದಲಿಗಿಂತ ಹೆಚ್ಚು ಕುಗ್ಗಿದಳು. ಬೋರಲು ಮಲಗಿಸಿ ಎದೆಯೆತ್ತಿಸಿದೆ, ಬೆನ್ನು ಬಳ್ಳಿಯಂತೆ ಬಾಗಿತು. ಭುಜ ನೆಲಕ್ಕೆ ತಾಗಿತು, ಕೈ ಪೂರ್ತಿ ಮೇಲೆ ಹೋಯಿತು. ಎಲ್ಲೂ ಬಿಗಿತವಿಲ್ಲ. ತಾಯಿ ಹೊರಗೆ ಹೋದಾಗ ಅವಳು ಹೇಳಿದಳು: "ನೆಟ್ಟಗೆ ನಿಂತರೆ ಎಲ್ಲರೂ ನೋಡ್ತಾರೆ." ಆ ಮಗುವಿಗೆ ಯಾವ ಸ್ನಾಯುವನ್ನು ಹಿಗ್ಗಿಸಲಿ? ತಾಯಿಯನ್ನು ಕರೆದು, ಇನ್ನು ಮೇಲೆ ಬೆನ್ನಿಗೆ ತಟ್ಟಬೇಡಿ, ಆ ಮಾತನ್ನೇ ಆಡಬೇಡಿ ಎಂದು ಬೇಡಿಕೊಂಡೆ. ಅವಳಿಗೆ ಈಜು ಇಷ್ಟ ಅಂದಳು. ಈಜಲು ಕಳಿಸಿ ಎಂದೆ. ಮಕ್ಕಳ ಬೆನ್ನನ್ನು ತಟ್ಟಿ ತಿದ್ದುವ ಹಿರಿಯರು ಇಲ್ಲಿದ್ದರೆ, ದಯವಿಟ್ಟು ಒಮ್ಮೆ ಯೋಚಿಸಿ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೆ ಮಗುವಿಗೆ ಕೇಳಿಸುವುದು "ನೀನು ಸರಿಯಿಲ್ಲ" ಎಂದು ಮಾತ್ರ.

ಈಗ ತಿದ್ದುವ ವಿಷಯ. ಹೆದೆ ಸಡಿಲಿಸುವುದರಿಂದ ಶುರು ಮಾಡೋಣ. ಬಾಗಿಲ ಚೌಕಟ್ಟಿನ ಪಕ್ಕ ನಿಂತು, ಮೊಣಕೈಯನ್ನು ಭುಜಕ್ಕಿಂತ ಸ್ವಲ್ಪ ಮೇಲಿಟ್ಟು, ಮುಂಗೈಯನ್ನು ಚೌಕಟ್ಟಿಗೆ ಒರಗಿಸಿ. ಅದೇ ಕಡೆಯ ಕಾಲನ್ನು ಒಂದು ಹೆಜ್ಜೆ ಮುಂದಿಟ್ಟು ಎದೆಯನ್ನು ನಿಧಾನವಾಗಿ ಮುಂದಕ್ಕೆ ತನ್ನಿ. ಎಳೆತ ಎದೆಯ ಮಾಂಸದಲ್ಲಿ ಸಿಗಬೇಕು. ಭುಜದ ಕೀಲಿನ ಮುಂಭಾಗದಲ್ಲಿ ಚುಚ್ಚಿದರೆ, ಅಥವಾ ಬೆರಳಿಗೆ ಜುಮ್ ಅಂದರೆ, ಕೈ ಕೆಳಗಿಳಿಸಿ ಎಳೆತ ಕಡಿಮೆ ಮಾಡಿ. ಆ ಸಣ್ಣ ಸ್ನಾಯುವಿನ ಕೆಳಗೇ ತೋಳಿಗೆ ಹೋಗುವ ನರಗಳೂ ರಕ್ತನಾಳಗಳೂ ಹಾಯುತ್ತವೆ, ಅವುಗಳನ್ನು ಎಳೆದು ಪ್ರಯೋಜನವಿಲ್ಲ. ಬಹುತೇಕರು ಮಾಡುವ ತಪ್ಪು ಅಂದರೆ ತಲೆಯನ್ನು ಮುಂದೆ ನೂಕಿ, ಸೊಂಟ ಕಮಾನು ಮಾಡಿ, ಎದೆ ಹಿಗ್ಗಿತು ಎಂದುಕೊಳ್ಳುವುದು. ಉಸಿರು ಹೊರಬಿಟ್ಟು ಪಕ್ಕೆಲುಬನ್ನು ಇಳಿಸಿಕೊಂಡು ಮಾಡಿದರೆ ಅರ್ಧ ಹೆಜ್ಜೆಯಲ್ಲೇ ಎಳೆತ ಸಿಗುತ್ತದೆ. 30 ಸೆಕೆಂಡು, ಎರಡು ಮೂರು ಸಲ. ತೊಡೆಯ ಹಿಂಭಾಗದ ಸ್ನಾಯುಗಳ ಮೇಲೆ 1994ರಲ್ಲಿ ನಡೆದ ಒಂದು ಅಧ್ಯಯನದಲ್ಲಿ 15 ಸೆಕೆಂಡಿಗಿಂತ 30 ಸೆಕೆಂಡು ಮೇಲು ಎಂದು ಕಂಡಿತು, 60ಕ್ಕೆ ಏರಿಸಿದರೆ ಹೆಚ್ಚುವರಿ ಲಾಭ ಸಿಗಲಿಲ್ಲ. ಹಲ್ಲು ಕಚ್ಚಿ ಎರಡು ನಿಮಿಷ ನಿಲ್ಲುವುದು ಬೇಡ.

ಮೊದಲ ಕೆಲವು ವಾರಗಳಲ್ಲಿ ಕಾಣುವ ಸಡಿಲಿಕೆ ಹೆಚ್ಚಾಗಿ ಸ್ನಾಯು ಉದ್ದವಾದದ್ದರಿಂದ ಬರುವುದಿಲ್ಲ, ಆ ಎಳೆತವನ್ನು ನರಮಂಡಲ ಒಪ್ಪಿಕೊಂಡಿದ್ದರಿಂದ ಬರುತ್ತದೆ. ಹಾಗಾಗಿಯೇ ಬಲವಂತ ಕೆಲಸಕ್ಕೆ ಬಾರದು. ಹೆದರಿದ ಸ್ನಾಯು ಇನ್ನಷ್ಟು ಸೆಟೆಯುತ್ತದೆ.

ಕತ್ತಿನ ಹಿಂಬದಿಗೆ: ಮುಖವನ್ನು ಒಂದು ಕಡೆಗೆ ಅರ್ಧ ತಿರುಗಿಸಿ, ಅದೇ ಕಡೆಯ ಕಂಕುಳನ್ನು ನೋಡುವಂತೆ ತಲೆ ಬಗ್ಗಿಸಿ. ಎದುರು ಕಡೆಯ ಕೈಯಿಂದ ಕುರ್ಚಿಯ ಅಂಚು ಹಿಡಿದರೆ ಹೆಗಲು ಮೇಲೇಳುವುದಿಲ್ಲ. ತಲೆಯನ್ನು ಇನ್ನೊಂದು ಕೈಯಿಂದ ಜಗ್ಗಬೇಡಿ, ಅದನ್ನು ತಲೆಯ ಮೇಲಿಟ್ಟರೆ ಅದರ ಭಾರವೇ ಸಾಕು. ಮೊಣಕೈ ಎತ್ತಿ ಹಿಡಿದಾಗ ಕತ್ತು ಸಲೀಸಾಗಿ ತಿರುಗಿದವರಿಗೆ ಇದು ಹೇಳಿಮಾಡಿಸಿದ್ದು.

ಬೆನ್ನುಮೂಳೆ ಮರಗಟ್ಟಿದವರು ಟವೆಲನ್ನು ಬಿಗಿಯಾಗಿ ಸುತ್ತಿ, ರೆಕ್ಕೆಗಳ ಕೆಳಅಂಚಿನ ನೇರಕ್ಕೆ ಅಡ್ಡಲಾಗಿ ಇಟ್ಟು, ಅಂಗಾತ ಮಲಗಿ, ತಲೆಯನ್ನು ಎರಡೂ ಕೈಗಳಿಂದ ಹಿಡಿದು, ಉಸಿರು ಬಿಡುತ್ತಾ ಅದರ ಮೇಲೆ ಹಿಂದಕ್ಕೆ ಒರಗಲಿ. ಐದಾರು ಉಸಿರು, ಆಮೇಲೆ ಟವೆಲನ್ನು ಎರಡು ಬೆರಳಷ್ಟು ಮೇಲಕ್ಕೆ ಸರಿಸಿ ಮತ್ತೆ. ಮೂಳೆ ಸವೆತ ಇರುವವರಿಗೆ ಇದು ಬೇಡ.

ಸಡಿಲಿಸಿದ ಮೇಲೆ ಬಲ ತುಂಬಲೇಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಎಲ್ಲವೂ ಮೊದಲಿನಂತೆ. ಗೋಡೆಗೆ ಬೆನ್ನು ಕೊಟ್ಟು ಅಥವಾ ಮಲಗಿ, ಗದ್ದವನ್ನು "ಹೂಂ" ಎನ್ನುವಷ್ಟೇ ಕೆಳಗಿಳಿಸಿ, ಹಿಂದಲೆ ಮೇಲಕ್ಕೆ ಬೆಳೆಯುತ್ತಿದೆ ಎಂಬಂತೆ ಹತ್ತು ಸೆಕೆಂಡು. ಗಂಟಲ ಮುಂಭಾಗದ ದಪ್ಪ ಹುರಿಗಳು ಉಬ್ಬಿದರೆ ಜೋರು ಹೆಚ್ಚಾಗಿದೆ ಎಂದರ್ಥ, ಕೆಲಸ ಮಾಡಬೇಕಾದ್ದು ಅವುಗಳ ಹಿಂದೆ ಆಳದಲ್ಲಿರುವ ಪುಟ್ಟ ಸ್ನಾಯುಗಳು. ಬೋರಲು ಮಲಗಿ ಹಣೆಯನ್ನು ಟವೆಲಿನ ಮೇಲಿಟ್ಟು, ಕೈಗಳನ್ನು ತಲೆಯ ಮೇಲೆ ಕವಲಿನಂತೆ ಚಾಚಿ, ಹೆಬ್ಬೆರಳು ಮೇಲೆ ಮಾಡಿ, ನೆಲದಿಂದ ಸ್ವಲ್ಪ ಎತ್ತಿ ಇಳಿಸಿ. ಗೋಡೆಗೆ ಅಂಗೈಯೂರಿ ನಿಂತು, ಮೊಣಕೈ ಮಡಚದೆ, ಗೋಡೆಯನ್ನು ದೂರ ನೂಕುತ್ತಾ ಹೆಗಲ ಹಲಗೆಗಳನ್ನು ಪಕ್ಕೆಯ ಸುತ್ತ ಜಾರಿಸಿ. ಇದು ರೆಕ್ಕೆ ಎದ್ದು ಕಾಣುವವರಿಗೆ. ಹತ್ತು ಹನ್ನೆರಡು ಸಲ, ದಿನ ಬಿಟ್ಟು ದಿನ.

ಇಷ್ಟೆಲ್ಲ ಎಲ್ಲಿ ಸಮಯ ಎನ್ನುವವರಿಗೆ ಡೆನ್ಮಾರ್ಕ್‌ನ ಒಂದು ಅಧ್ಯಯನ ಹೇಳುತ್ತೇನೆ. 2011ರದ್ದು. ಕತ್ತು-ಹೆಗಲು ನೋವಿದ್ದ 198 ಕಚೇರಿ ಕೆಲಸಗಾರರಲ್ಲಿ ಕೆಲವರಿಗೆ ದಿನಕ್ಕೆ ಬರೀ 2 ನಿಮಿಷ, ಕೆಲವರಿಗೆ 12 ನಿಮಿಷ, ವಾರಕ್ಕೆ ಐದು ದಿನ, ರಬ್ಬರ್ ಪಟ್ಟಿಯನ್ನು ಕಾಲಡಿ ಹಿಡಿದು ತೋಳುಗಳನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮ ಕೊಟ್ಟರು. ಹತ್ತು ವಾರದ ಕೊನೆಗೆ ಎರಡೂ ಗುಂಪಿನಲ್ಲಿ ನೋವು ಇಳಿದಿತ್ತು. ಎರಡು ನಿಮಿಷಕ್ಕೂ ಬೆಲೆ ಇದೆ, ದಿನಾ ಮಾಡಿದರೆ.

ಕೂರುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ತೋಳಿನಷ್ಟು ದೂರಕ್ಕೆ, ಮೊಣಕೈಗೆ ಆಸರೆ. ಲ್ಯಾಪ್‌ಟಾಪ್‌ನಲ್ಲಿ ಪರದೆ ಮೇಲಾದರೆ ಕೀಲಿಮಣೆಯೂ ಮೇಲಾಗುತ್ತದೆ, ಆದ್ದರಿಂದ ಬೇರೆ ಕೀಲಿಮಣೆ ಬೇಕು. ಯಾರೂ ಹೇಳದ ಒಂದು ಸಂಗತಿ ಕನ್ನಡಕದ್ದು. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಹಾಕಿಕೊಂಡವರು ಗಾಜಿನ ಕೆಳಭಾಗದಿಂದ ಪರದೆ ಓದಲು ಗದ್ದ ಎತ್ತಿ ಮುಖ ಮುಂದೆ ಚಾಚುತ್ತಾರೆ. ಅವರು ಪರದೆಯನ್ನು ಎಲ್ಲರಿಗಿಂತ ಕೆಳಗಿಡಬೇಕು, ಇಲ್ಲವೇ ಪರದೆಯ ದೂರಕ್ಕೆಂದೇ ಒಂದು ಕನ್ನಡಕ ಮಾಡಿಸಬೇಕು. ಕತ್ತಿನ ವ್ಯಾಯಾಮ ಮಾಡಿ ಮಾಡಿ ಸೋತವರು ಕನ್ನಡಕ ಬದಲಿಸಿ ಗೆದ್ದದ್ದನ್ನು ನೋಡಿದ್ದೇನೆ. ಇದೆಲ್ಲ ಸರಿಯಿದ್ದರೂ ಅರ್ಧ ಗಂಟೆಗೊಮ್ಮೆ ಎದ್ದು ಮೈ ಮುರಿಯಿರಿ. ಎಷ್ಟೇ ಒಳ್ಳೆಯ ಭಂಗಿಯಾದರೂ ಎರಡು ಗಂಟೆ ಹಾಗೆಯೇ ಕೂತರೆ ಸ್ನಾಯುಗಳಿಗೆ ಶಿಕ್ಷೆಯೇ.

ಉಪನ್ಯಾಸದ ಕೊನೆಗೆ ಒಬ್ಬರು ಬೆಲ್ಟಿನ ಬಗ್ಗೆ ಕೇಳಿದರು, ಭುಜವನ್ನು ಹಿಂದಕ್ಕೆ ಎಳೆದು ಕಟ್ಟುವುದು. ನೆನಪಿಸಲು ದಿನಕ್ಕೆ ಅರ್ಧ ಗಂಟೆ ಹಾಕಿಕೊಂಡರೆ ತಪ್ಪಿಲ್ಲ. ದಿನವಿಡೀ ಕಟ್ಟಿಕೊಂಡರೆ ಬೆನ್ನಿನ ಸ್ನಾಯುಗಳ ಕೆಲಸವನ್ನು ಬೆಲ್ಟು ಮಾಡುತ್ತದೆ, ಅವು ಇನ್ನಷ್ಟು ಸೊರಗುತ್ತವೆ. ಎದೆಯ ಬಿಗಿತ ಇದ್ದಲ್ಲೇ ಇರುತ್ತದೆ. ಇನ್ನೊಬ್ಬರು ಕತ್ತನ್ನು ತಿರುವಿ ಲಟಿಕೆ ತೆಗೆಸಿಕೊಳ್ಳುವ ಬಗ್ಗೆ ಕೇಳಿದರು. ತರಬೇತಿ ಇಲ್ಲದವರ ಕೈಗೆ ಕತ್ತು ಕೊಡಬೇಡಿ. ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಎರಡು ಕತ್ತಿನ ಕಶೇರುಕಗಳ ರಂಧ್ರಗಳ ಮೂಲಕವೇ ಮೇಲೇರುತ್ತವೆ. ಅಪರೂಪಕ್ಕಾದರೂ ಅವು ಸೀಳಿ ಪಾರ್ಶ್ವವಾಯು ಆದದ್ದುಂಟು.

ಕರಡು ತಿದ್ದುವ ಆ ಮಹಿಳೆ ಏನಾದರು ಎಂದೂ ಕೇಳಿದರು. ಅವರು ತಬ್ಬಿಕೊಳ್ಳುವ ವ್ಯಾಯಾಮ ಬಿಟ್ಟರು. ಬಾಗಿಲ ಚೌಕಟ್ಟಿನದ್ದು, ಬೋರಲು ಮಲಗಿ ಕೈಯೆತ್ತುವುದು, ಎರಡನ್ನೇ ಹಿಡಿದುಕೊಂಡರು. ಪುಟಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡುವ ಬದಲು ಇಳಿಜಾರು ಹಲಗೆಯ ಮೇಲಿಟ್ಟುಕೊಂಡರು. ಪ್ರತಿ ಭಾನುವಾರ ಮಗನನ್ನು ಪಕ್ಕ ಕೂರಿಸಿಕೊಂಡು ನೆಲದ ಮೇಲೆ ಮಲಗಿ ಅಳೆಸಿಕೊಂಡು, ಕ್ಯಾಲೆಂಡರಿನ ಅಂಚಿನಲ್ಲಿ ಕರಡು ತಿದ್ದುವ ಕೆಂಪು ಪೆನ್ನಿನಿಂದಲೇ ಬರೆಯುತ್ತಿದ್ದರು: ಬಲ 3, ಎಡ 2. ಮುಂದಿನ ವಾರ ಬಲ 3, ಎಡ 2. ಮತ್ತೆ ಅದೇ. ಏಳನೆಯ ಭಾನುವಾರ ಬಲ 2 ಆಯಿತು. ನೋವು ಪೂರ್ತಿ ಹೋಗಿಲ್ಲ, ಪುಟಗಳು ತಡವಾಗಿ ಬಂದು ರಾತ್ರಿ ಕೂರಬೇಕಾದ ದಿನ ಈಗಲೂ ಬರುತ್ತದೆ. ಚೆಂಡು ಮಾತ್ರ ಕೈಚೀಲದಲ್ಲಿಲ್ಲ, ಮಗ ಅದನ್ನು ಆಡಲು ತೆಗೆದುಕೊಂಡಿದ್ದಾನಂತೆ.